ಡ್ಯೂಕ್ ಮೇಲೋ, ನಾರ್ತ್ ಕೆರೊಲಿನಾ ಮೇಲೋ?

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕ್ಯಾರಿ ಊರಿನಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ, ಮಗಳು ಡ್ಯೂಕ್‌ನಲ್ಲಿ ಓದುತ್ತಾರೆ. ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಯಾವುದು ಮೇಲು ಎಂಬ ವಾದ ಮನೆಯಲ್ಲಿ ಮುಗಿಯುವುದೇ ಇಲ್ಲ. ಒಂದೊಂದು ಪಟ್ಟಿ ಒಂದೊಂದು ಹೇಳುತ್ತದೆ. ಲೆಕ್ಕ ಹಾಕುವ ಸರಿಯಾದ ಕ್ರಮ ಯಾವುದು?"

ಸಂಪಾದಕರ ಉತ್ತರ:

ನಮಸ್ಕಾರ. ಪಟ್ಟಿಗಳ ಉತ್ತರ ಬೇರೆಯಾಗುವುದು ಅಂಕ ಕೊಡುವ ರೀತಿಯಿಂದ ಅಷ್ಟಲ್ಲ, ಎಣಿಕೆ ಯಾವ ವರ್ಷದಿಂದ ಶುರುವಾಗುತ್ತದೆ ಎಂಬುದರಿಂದ. ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹಾಕಿ, ನಿಮಗೇ ಕಾಣುತ್ತದೆ.

ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಟೂರ್ನಿಯ ಪ್ರಶಸ್ತಿಗಳನ್ನಷ್ಟೇ ಎಣಿಸಬೇಡಿ. ಹಾಗೆ ಎಣಿಸಿದರೆ 2025ರವರೆಗೆ ನಾರ್ತ್ ಕೆರೊಲಿನಾಕ್ಕೆ 6 (1957, 1982, 1993, 2005, 2009, 2017), ಡ್ಯೂಕ್‌ಗೆ 5 (1991, 1992, 2001, 2010, 2015). ಈ ಅಂತರ ತೀರಾ ತೆಳುವಾದದ್ದು. 2010ರ ಫೈನಲ್‌ನಲ್ಲಿ ಡ್ಯೂಕ್ 61–59ರಿಂದ ಮುಂದಿತ್ತು. ಬಟ್ಲರ್ ತಂಡದ ಗಾರ್ಡನ್ ಹೇವರ್ಡ್ ಅಂಕಣದ ಮಧ್ಯದಿಂದ ಎಸೆದ ಕೊನೆಯ ಚೆಂಡು ಬೋರ್ಡಿಗೆ ಬಡಿದು, ರಿಂಗಿಗೆ ತಾಗಿ ಹೊರಬಿತ್ತು. 2016ರಲ್ಲಿ 4.7 ಸೆಕೆಂಡು ಉಳಿದಿದ್ದಾಗ ನಾರ್ತ್ ಕೆರೊಲಿನಾದ ಮಾರ್ಕಸ್ ಪೇಜ್ ಸ್ಕೋರನ್ನು 74–74ಕ್ಕೆ ತಂದರು. ಆಟ ಮುಗಿಯುವ ಗಳಿಗೆಯಲ್ಲೇ ವಿಲನೋವಾದ ಕ್ರಿಸ್ ಜೆಂಕಿನ್ಸ್ ಮೂರು ಅಂಕ ತರುವ ಹೊಡೆತ ಹಾಕಿ ಪಂದ್ಯ ಕಸಿದುಕೊಂಡರು. ಇಂಥ ಸೋಲಿಗೂ ಮೊದಲ ಸುತ್ತಿನ ಸೋಲಿಗೂ ಒಂದೇ ಸೊನ್ನೆ ಕೊಡುವುದು ನ್ಯಾಯವಲ್ಲ.

ಆದ್ದರಿಂದ ಪ್ರಶಸ್ತಿಗೆ 5, ಫೈನಲ್‌ನಲ್ಲಿ ಸೋತರೆ 3, ಸೆಮಿಫೈನಲ್‌ನಲ್ಲಿ ಸೋತರೆ 2 ಅಂಕ ಕೊಡಿ. ಅದಕ್ಕಿಂತ ಕೆಳಗಿನ ಸುತ್ತುಗಳನ್ನು ಬಿಡಿ, ಟೂರ್ನಿಯ ಗಾತ್ರ ಬದಲಾಗುತ್ತಲೇ ಬಂದಿರುವುದರಿಂದ ಅವನ್ನು ಹೋಲಿಸಲು ಬರುವುದಿಲ್ಲ. ನಾರ್ತ್ ಕೆರೊಲಿನಾ ಕೊನೆಯ ನಾಲ್ಕರ ಘಟ್ಟ, ಅಂದರೆ ಫೈನಲ್ ಫೋರ್, ತಲುಪಿದ್ದು 21 ಸಲ: 6 ಪ್ರಶಸ್ತಿ, 6 ಫೈನಲ್ ಸೋಲು, 9 ಸೆಮಿಫೈನಲ್ ಸೋಲು. ಒಟ್ಟು 66. ಡ್ಯೂಕ್ 18 ಸಲ: 5, 6, 7. ಒಟ್ಟು 57. ಮಗ ಗೆದ್ದ.

ಈಗ ಟೂರ್ನಿ 64 ತಂಡಗಳಿಗೆ ಬೆಳೆದ 1985ರಿಂದ ಮಾತ್ರ ಎಣಿಸಿ. ಡ್ಯೂಕ್‌ಗೆ 47, ನಾರ್ತ್ ಕೆರೊಲಿನಾಕ್ಕೆ 38. ಮಗಳು ಗೆದ್ದಳು. ಅಂಕದ ಪದ್ಧತಿ ಅದೇ, ತಂಡಗಳೂ ಅವೇ.

ಹಾಗಾದರೆ ಹಳೆಯ ಕಾಲಕ್ಕೆ ಎಷ್ಟು ತೂಕ ಕೊಡಬೇಕು? ತಪ್ಪು ಹೆಚ್ಚಾಗಿ ನಡೆಯುವುದು ಇಲ್ಲೇ. 1946ರ ಟೂರ್ನಿಯಲ್ಲಿ ಇದ್ದದ್ದೇ ಎಂಟು ತಂಡ. ನಾರ್ತ್ ಕೆರೊಲಿನಾ ಒಂದೇ ಪಂದ್ಯ ಗೆದ್ದು ಕೊನೆಯ ನಾಲ್ಕಕ್ಕೆ ಬಂತು; ಈಗ ಅಲ್ಲಿಗೆ ಬರಲು ನಾಲ್ಕು ಗೆಲ್ಲಬೇಕು. ಹಾಗಂತ ಹಳೆಯದನ್ನೆಲ್ಲ ಅರ್ಧಕ್ಕೆ ಇಳಿಸುವವರ ಮಾತನ್ನು ನಾವು ಒಪ್ಪುವುದಿಲ್ಲ. 1975ಕ್ಕೆ ಮುಂಚೆ ಒಂದು ಕಾನ್ಫರೆನ್ಸ್‌ನಿಂದ, ಅಂದರೆ ಋತುವಿಡೀ ತಮ್ಮೊಳಗೆ ಆಡುವ ಕಾಲೇಜುಗಳ ಒಂದು ಕೂಟದಿಂದ, ಒಂದೇ ತಂಡಕ್ಕೆ ಪ್ರವೇಶವಿತ್ತು. ಈ ಎರಡೂ ಕಾಲೇಜುಗಳಿರುವ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಆ ಒಂದು ಸ್ಥಾನ ಕಾನ್ಫರೆನ್ಸ್ ಟೂರ್ನಿ ಗೆದ್ದವರ ಪಾಲು. ಇಡೀ ಋತುವಿನ ದುಡಿಮೆ ಒಂದು ಸಂಜೆಯಲ್ಲಿ ನೀರುಪಾಲಾಗುತ್ತಿತ್ತು. 1974ರಲ್ಲಿ ಮೇರಿಲ್ಯಾಂಡ್ ಹೆಚ್ಚುವರಿ ಸಮಯದಲ್ಲಿ ನಿಮ್ಮ ರಾಲಿಯ ಎನ್‌ಸಿ ಸ್ಟೇಟ್ ಎದುರು 103–100ರಿಂದ ಸೋತು, ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದರೂ ಎನ್‌ಸಿಎಎ ಬಾಗಿಲು ದಾಟಲಿಲ್ಲ. ಎನ್‌ಸಿ ಸ್ಟೇಟ್ ಆ ವರ್ಷ ರಾಷ್ಟ್ರೀಯ ಪ್ರಶಸ್ತಿಯನ್ನೇ ಗೆದ್ದಿತು. ಮರುವರ್ಷವೇ ಟೂರ್ನಿ 32 ತಂಡಗಳದ್ದಾಗಿ, ಒಂದೇ ಕಾನ್ಫರೆನ್ಸ್‌ನಿಂದ ಇನ್ನೊಂದು ತಂಡಕ್ಕೂ ದಾರಿಯಾಯಿತು. ನಾರ್ತ್ ಕೆರೊಲಿನಾ 1967, 1968, 1969ರಲ್ಲಿ ಸತತ ಮೂರು ಸಲ ಆ ಇಕ್ಕಟ್ಟಿನ ಬಾಗಿಲಿನಿಂದಲೇ ನುಗ್ಗಿ ಕೊನೆಯ ನಾಲ್ಕು ಮುಟ್ಟಿದೆ. ಅದಕ್ಕೆ ಪೂರ್ತಿ ಅಂಕ ಸಲ್ಲಲೇಬೇಕು.

ಎರಡು ವಿಷಯದಲ್ಲಿ ಜೋಪಾನ. ನಾರ್ತ್ ಕೆರೊಲಿನಾದವರು 1924ರದ್ದನ್ನೂ ಸೇರಿಸಿ ಏಳು ರಾಷ್ಟ್ರೀಯ ಪ್ರಶಸ್ತಿ ಎನ್ನುತ್ತಾರೆ. ಅದು ಹೆಲ್ಮ್ಸ್ ಫೌಂಡೇಶನ್ ಎಂಬ ಖಾಸಗಿ ಸಂಸ್ಥೆ ಎಷ್ಟೋ ವರ್ಷಗಳ ಬಳಿಕ ಹಿಂದಕ್ಕೆ ನೋಡಿ ಘೋಷಿಸಿದ್ದು. ಎನ್‌ಸಿಎಎ ಟೂರ್ನಿ ಶುರುವಾದದ್ದೇ 1939ರಲ್ಲಿ. ಅದನ್ನು ಸೇರಿಸಬೇಡಿ. ಬೇರೆ ಕಾಲೇಜುಗಳನ್ನು ಪಟ್ಟಿಗೆ ತಂದಾಗ, ನಿಯಮ ಮುರಿದದ್ದಕ್ಕೆ ಎನ್‌ಸಿಎಎ ದಾಖಲೆಯಿಂದ ಅಳಿಸಿದವನ್ನೂ ಬಿಡಿ: ಲೂಯಿವಿಲ್‌ನ 2013ರ ಪ್ರಶಸ್ತಿ, ಕ್ಯಾನ್ಸಸ್‌ನ 2018ರ ಫೈನಲ್ ಫೋರ್.

ಅಂಕಗಳಲ್ಲಿ ಕಾಣದ ಒಂದು ಸಂಗತಿಯೂ ಉಂಟು: ಕೋಚ್‌ಗಳು. ಡ್ಯೂಕ್‌ನ ಐದೂ ಪ್ರಶಸ್ತಿ ಮೈಕ್ ಶಶೆವ್ಸ್ಕಿ ಒಬ್ಬರ ಕಾಲದವು (1980–2022). 18 ಫೈನಲ್ ಫೋರ್‌ಗಳಲ್ಲಿ 13 ಅವರವೇ. ನಾರ್ತ್ ಕೆರೊಲಿನಾದ ಪ್ರಶಸ್ತಿಗಳು ಫ್ರ್ಯಾಂಕ್ ಮೆಗ್ವಾಯರ್, ಡೀನ್ ಸ್ಮಿತ್, ರಾಯ್ ವಿಲಿಯಮ್ಸ್ ಮೂವರಲ್ಲಿ ಹಂಚಿವೆ. ಫೈನಲ್ ಫೋರ್‌ಗೆ ತಂಡ ಕರೆದೊಯ್ದವರು ಆರು ಜನ. ಕೋಚ್ ಬದಲಾದರೂ ಮಟ್ಟ ಇಳಿಯದ ತಂಡಕ್ಕೇ ಚರಿತ್ರೆಯಲ್ಲಿ ಮೇಲಿನ ಜಾಗ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಹಾಗಾಗಿ ಇಡೀ ಚರಿತ್ರೆಗೆ ನಮ್ಮ ಮೊದಲ ಸ್ಥಾನ ನಾರ್ತ್ ಕೆರೊಲಿನಾಕ್ಕೆ, ಕಳೆದ ನಾಲ್ಕು ದಶಕಗಳಿಗೆ ಡ್ಯೂಕ್‌ಗೆ. ಎನ್‌ಸಿಎಎ ಟೂರ್ನಿಯಲ್ಲಿ ಇವೆರಡೂ ಎದುರುಬದುರಾದದ್ದು 2022ರ ಸೆಮಿಫೈನಲ್‌ನಲ್ಲಿ ಒಮ್ಮೆ ಮಾತ್ರ. ನಾರ್ತ್ ಕೆರೊಲಿನಾ 81–77ರಿಂದ ಗೆದ್ದಿತು, ಶಶೆವ್ಸ್ಕಿಯವರಿಗೆ ಅದೇ ಕೊನೆಯ ಪಂದ್ಯವಾಯಿತು.

ಇದೇ ಕ್ರಮವನ್ನು ಯುಸಿಎಲ್‌ಎ (ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಮತ್ತು ಯುಕಾನ್‌ಗೆ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಹಚ್ಚಿದರೆ ವರ್ಷದ ಗೆರೆ ಇನ್ನೂ ಹರಿತವಾಗುತ್ತದೆ. ಯುಸಿಎಲ್‌ಎಯ 11 ಪ್ರಶಸ್ತಿಗಳಲ್ಲಿ 10 ಕೋಚ್ ಜಾನ್ ವುಡನ್ 1964–75ರ ನಡುವೆ ಗೆಲ್ಲಿಸಿದವು. ಅವುಗಳಲ್ಲಿ 1975ರದ್ದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ನಾಲ್ಕು ಗೆಲುವು ಸಾಕಾಗಿತ್ತು. ಯುಕಾನ್‌ನ ಆರೂ ಬಂದದ್ದು 1999ರಿಂದ ಈಚೆಗೆ, ಒಂದೊಂದಕ್ಕೂ ಆರು ಗೆಲುವು ಬೇಕಾಯಿತು.