ನಾನು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯಲ್ಲಿದ್ದೇನೆ. ಹಳಬರ ಪಿಂಚಣಿಗಾಗಿ ನಾನೇಕೆ ಫ್ರೀಡಂ ಪಾರ್ಕಿಗೆ ಹೋಗಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಸ್ವಲ್ಪ ಚುರುಕ್ ಅಂತಲೂ ಅಂದಿತು. ನಿಮಗೆ 27 ವರ್ಷ. ಬೆಂಗಳೂರಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಸೇರಿದ್ದೀರಿ. ನೌಕರರ ಸಂಘದವರು 200 ರೂಪಾಯಿ ಚಂದಾ ಕೇಳಿದ್ದಾರೆ. ನಿವೃತ್ತರ ಪಿಂಚಣಿ ಮತ್ತು ಚಿಕಿತ್ಸಾ ವೆಚ್ಚಕ್ಕಾಗಿ ಫ್ರೀಡಂ ಪಾರ್ಕಿನ ಧರಣಿಗೆ ಬನ್ನಿ ಅಂದಿದ್ದಾರೆ. "ಆ ಪಿಂಚಣಿ ನನಗೆ ಬರುವುದೇ ಇಲ್ಲ, ರಜೆ ಹಾಕಿ ಯಾಕೆ ಹೋಗಲಿ? ಹೊರದೇಶದ ವಿವಿಗಳಲ್ಲೂ ಹೀಗೆಯೇ?" ಎಂದು ಕೇಳಿದ್ದೀರಿ.

ನಾನು ಅಂಥದ್ದೇ ಒಂದು ವಿವಿಯಲ್ಲಿ 34 ವರ್ಷ ಕೆಲಸ ಮಾಡಿದವನು. ಹೆಸರು ಬೇಡ ಬಿಡಿ. ಕೊನೆಯ ಕೆಲವು ವರ್ಷ ಹಣಕಾಸು ವಿಭಾಗದಲ್ಲಿ ಪಿಂಚಣಿ ಕೇಸ್ ವರ್ಕರ್ ನಾನೇ. ಮಧ್ಯೆ ಸಂಘದ ಖಜಾಂಚಿಯೂ ಆಗಿದ್ದೆ. ಹಾಗಾಗಿ ಕಿಟಕಿಯ ಒಳಗಿನ ಕಥೆಯೂ ಗೊತ್ತು, ಈಗ ಹೊರಗಿನದೂ ಗೊತ್ತಾಗುತ್ತಿದೆ.

ನೀವು ಹೇಳಿದ್ದು ಅರ್ಧ ನಿಜ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ಎನ್‌ಪಿಎಸ್. ಹಳೇ ಪಿಂಚಣಿಯಲ್ಲಿ ಪೂರ್ಣ ಸೇವೆ ಮಾಡಿದವರಿಗೆ ಕೊನೆಯ ಬೇಸಿಕ್‌ನ ಅರ್ಧ, ಅದರ ಮೇಲೆ ಡಿಎ, ಅಂದರೆ ತುಟ್ಟಿಭತ್ಯೆ. ಬೇಸಿಕ್ 60,000 ಇದ್ದರೆ 30,000, ಬೆಲೆ ಏರಿದಂತೆ ಡಿಎ ಕೂಡ ಏರುತ್ತದೆ. ನಿಮ್ಮದರಲ್ಲಿ ಬೇಸಿಕ್ ಮತ್ತು ಡಿಎ ಸೇರಿಸಿ ಶೇ. 10 ನಿಮ್ಮಿಂದ ಕಡಿತ, ಸರ್ಕಾರದ ಪಾಲು ಮೊದಲು ಶೇ. 10 ಇತ್ತು, ಆಮೇಲೆ 14 ಆಯಿತು. ನಿವೃತ್ತಿಯ ದಿನ ಒಟ್ಟು ಗಂಟಿನಲ್ಲಿ ಶೇ. 60 ಕೈಗೆ ಬರುತ್ತದೆ. ಉಳಿದ 40ರಲ್ಲಿ ಆನ್ಯುಟಿ ಕೊಳ್ಳಬೇಕು, ಅಂದರೆ ವಿಮಾ ಕಂಪನಿಗೆ ಹಣ ಕಟ್ಟಿ ತಿಂಗಳು ತಿಂಗಳು ಪಿಂಚಣಿ ಪಡೆಯಬೇಕು. ಗಂಟು 50 ಲಕ್ಷ ಅಂದುಕೊಳ್ಳಿ. 20 ಲಕ್ಷಕ್ಕೆ ವರ್ಷಕ್ಕೆ ಶೇ. 6ರಂತೆ ಬಂದರೆ ತಿಂಗಳಿಗೆ 10,000. ಸಾಮಾನ್ಯ ಆನ್ಯುಟಿಯಲ್ಲಿ ಅದು ಏರುವುದಿಲ್ಲ, ಡಿಎ ಅನ್ನೋದೇ ಇಲ್ಲ. ಉಳಿದ 30 ಲಕ್ಷ ನಿಮ್ಮ ಕೈಯಲ್ಲಿರುತ್ತದೆ, ಅದನ್ನೂ ಹೇಳಬೇಕು. ಆದರೆ ಆ 30 ಲಕ್ಷ ಮಗಳ ಮದುವೆ, ಮನೆ ಸಾಲ ದಾಟಿ ಎಷ್ಟು ಉಳಿಯುತ್ತೆ ಅನ್ನುವುದನ್ನು ನನ್ನ ಟೇಬಲ್ ಮುಂದೆ ಕೂತವರಲ್ಲಿ ನೋಡಿದ್ದೇನೆ.

ಈಗ ನೀವು ಗಮನಿಸದ ಇನ್ನರ್ಧ. ನಿಮ್ಮ ಖಾತೆಗೆ ವಿವಿ ಹಾಕಬೇಕಾದ ಆ ಶೇ. 14 ಎಲ್ಲಿಂದ ಬರಬೇಕು? ಹಳಬರ ಪಿಂಚಣಿ ಯಾವ ಪೆಟ್ಟಿಗೆಯಿಂದ ಬರಬೇಕೋ ಅಲ್ಲಿಂದಲೇ. ಸಚಿವಾಲಯದ ನೌಕರನಿಗೆ ಖಜಾನೆ ಇದೆ. ನಮ್ಮಲ್ಲಿ ಸಂಬಳಕ್ಕೆ ಸರ್ಕಾರದ ಅನುದಾನ ಬರುತ್ತಿತ್ತು, ಪಿಂಚಣಿಗೆ ಪೂರ್ತಿ ಬರುತ್ತಿರಲಿಲ್ಲ. ಉಳಿದದ್ದನ್ನು "ಆಂತರಿಕ ಸಂಪನ್ಮೂಲದಿಂದ ಭರಿಸಿಕೊಳ್ಳಿ" ಎಂದು ಪತ್ರ ಬರುತ್ತಿತ್ತು. ಆಂತರಿಕ ಸಂಪನ್ಮೂಲ ಅಂದರೆ ಏನು? ಪರೀಕ್ಷಾ ಶುಲ್ಕ, ಕಾಲೇಜುಗಳ ಸಂಯೋಜನೆ (ಅಫಿಲಿಯೇಷನ್) ಶುಲ್ಕ, ಅಂಕಪಟ್ಟಿ ಶುಲ್ಕ. ಬೇರೆ ಹೊಸ ವಿವಿ ಹುಟ್ಟಿದಾಗಲೆಲ್ಲ ಹಳೇ ವಿವಿಯ ಕಾಲೇಜುಗಳು ಅಲ್ಲಿಗೆ ಹೋಗುತ್ತವೆ, ಅವುಗಳ ಶುಲ್ಕವೂ ಹೋಗುತ್ತದೆ. ಪಿಂಚಣಿದಾರರು ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಹಳೇ ವಿವಿಯ ಪಾಲಿಗೇ ಉಳಿಯುತ್ತಾರೆ. ರಾಜ್ಯದಲ್ಲಿ 2023ರಲ್ಲಿ ಒಂದೇ ಸಲಕ್ಕೆ ಏಳು ಹೊಸ ವಿವಿ ಮಾಡಿದರು. ಹಳೇ ಮನೆಯ ಪಾಲು ಹಂಚುವಾಗ ಅಜ್ಜ ಅಜ್ಜಿಯ ಔಷಧಿ ಯಾರ ಪಾಲಿಗೆ ಅಂತ ಯಾರೂ ಬರೆಯಲಿಲ್ಲ.

ಒಂದು ತಿಂಗಳು ನಮ್ಮಲ್ಲಿ ಪಿಂಚಣಿ 19ನೇ ತಾರೀಕಿಗೆ ಆಯಿತು. ಕೆಂಗೇರಿ ಕಡೆಯಿಂದ ಒಬ್ಬ ನಿವೃತ್ತ ಅಟೆಂಡರ್ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಬಿಪಿ ಮಾತ್ರೆ ಚೀಟಿ, ಜೊತೆಗೆ ನವೆಂಬರ್‌ನಲ್ಲಿ ಕೊಟ್ಟಿದ್ದ ಜೀವಿತ ಪ್ರಮಾಣ ಪತ್ರದ ಜೆರಾಕ್ಸ್. "ಸ್ವಾಮಿ, ನಾನು ಸತ್ತಿದೀನಿ ಅಂತ ಬರ್ಕೊಂಡ್ಬಿಟ್ಟಿದೀರಾ ಹೆಂಗೆ?" ಅಂದರು. ತಮಾಷೆಗಲ್ಲ, ನಿಜವಾಗಿಯೂ ಹಾಗೆ ತಿಳಿದಿದ್ದರು. ದುಡ್ಡೇ ಇಲ್ಲ ಅಂತ ಹೇಳಲು ನನಗೆ ನಾಲಗೆ ಏಳಲಿಲ್ಲ. "ಸರ್ವರ್ ಡೌನ್ ಆಗಿದೆ" ಅಂದುಬಿಟ್ಟೆ. ಇವತ್ತಿಗೂ ಅದು ನೆನಪಾದರೆ ನಾಚಿಕೆ.

ಅದೇ ಕೊರತೆಯ ವರ್ಷಗಳಲ್ಲಿ ಎನ್‌ಪಿಎಸ್ ಹುಡುಗರ ವಂತಿಗೆಯೂ ತಡವಾಗುತ್ತಿತ್ತು. ಅವರ ಸಂಬಳದಲ್ಲಿ ಕಡಿತ ಸರಿಯಾಗಿ ಆಗುತ್ತಿತ್ತು. ವಿವಿಯ ಪಾಲು ಕೆಲವೊಮ್ಮೆ ಎರಡು ಮೂರು ತಿಂಗಳು ಬಿಟ್ಟು ಹೋಗುತ್ತಿತ್ತು. ಪಿಂಚಣಿ ತಡವಾದರೆ ಮುದುಕರು ಕಿಟಕಿಗೆ ಬಂದು ಜಗಳ ಆಡುತ್ತಾರೆ. ವಂತಿಗೆ ತಡವಾದರೆ ಯಾರೂ ಬರುವುದಿಲ್ಲ. ನಿಮ್ಮ ವಯಸ್ಸಿನವರು ಪ್ರಾನ್ (ಎನ್‌ಪಿಎಸ್ ಖಾತೆ ಸಂಖ್ಯೆ) ಸ್ಟೇಟ್‌ಮೆಂಟ್ ತೆಗೆದು ನೋಡುವುದೇ ಇಲ್ಲ, ಅಲ್ವಾ? ನೀವು ಕೊನೆಯ ಸಲ ನೋಡಿದ್ದು ಯಾವಾಗ?

ಹೋರಾಟದಿಂದ ಏನು ಸಿಕ್ಕಿದೆ ಅಂತಲೂ ಕೇಳಬಹುದು. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನಕಾರಾ ಎಂಬ ನಿವೃತ್ತರ ಪ್ರಕರಣದಲ್ಲಿ ಪಿಂಚಣಿ ಧಣಿ ಕೊಡುವ ಭಕ್ಷೀಸಲ್ಲ, ಮಾಡಿದ ಸೇವೆಗೆ ಸಿಗಬೇಕಾದ ಹಕ್ಕು ಎಂದು ಹೇಳಿತು. ಆ ದಿನವನ್ನೇ ಪಿಂಚಣಿದಾರರ ದಿನ ಅಂತ ಆಚರಿಸುತ್ತೇವೆ, ಒಂದು ಉಪ್ಪಿಟ್ಟು ಕೇಸರಿಬಾತ್ ಕಾರ್ಯಕ್ರಮ ಇರುತ್ತೆ. ಹತ್ತಿರದ್ದು ಹೇಳುವುದಾದರೆ, 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರಕ್ಕೆ ಇಳಿದರು. ಅದೇ ದಿನ ಬೇಸಿಕ್ ಮೇಲೆ ಶೇ. 17 ಮಧ್ಯಂತರ ಪರಿಹಾರ ಮತ್ತು ಹಳೇ ಪಿಂಚಣಿ ಬಗ್ಗೆ ಸಮಿತಿ ಘೋಷಣೆಯಾಯಿತು. 2024ರ ಜನವರಿಯಲ್ಲಿ, 2006ರ ಏಪ್ರಿಲ್‌ಗೆ ಮುಂಚೆ ನೇಮಕಾತಿ ಅಧಿಸೂಚನೆಯಾಗಿ ಆಮೇಲೆ ನೇಮಕದ ಆದೇಶ ಪಡೆದ ಸುಮಾರು 13,000 ನೌಕರರಿಗೆ ಹಳೇ ಪಿಂಚಣಿ ಒಪ್ಪಿದರು. ಅವರೂ ನಿಮ್ಮ ಹಾಗೆ ಎನ್‌ಪಿಎಸ್‌ನಲ್ಲಿದ್ದವರೇ.

ಚಿಕಿತ್ಸೆಯ ವಿಷಯ ಇದಕ್ಕಿಂತ ಕೆಟ್ಟದು. ಸೇವೆಯಲ್ಲಿದ್ದಾಗ 1963ರ ವೈದ್ಯಕೀಯ ಹಾಜರಾತಿ ನಿಯಮಗಳ ಪ್ರಕಾರ ಬಿಲ್ ಕೊಟ್ಟರೆ, ತಡವಾದರೂ, ಕತ್ತರಿ ಹಾಕಿದರೂ, ಒಂದಿಷ್ಟು ವಾಪಸ್ ಬರುತ್ತಿತ್ತು. ಇಂಥ ನೂರಾರು ಬಿಲ್ ನಾನೇ ಪರಿಶೀಲಿಸಿದ್ದೇನೆ. ನಿವೃತ್ತಿಯಾಗಿ ಎಂಟು ತಿಂಗಳಿಗೆ ನನಗೇ ಎದೆನೋವು ಬಂತು. ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು, ಚೆನ್ನಾಗಿ ನೋಡಿಕೊಂಡರು. ಬಿಲ್ ಹಿಡಿದು ನನ್ನದೇ ಹಳೇ ಟೇಬಲ್‌ಗೆ ಹೋದೆ. ನಾನೇ ಕೆಲಸ ಕಲಿಸಿದ ಹುಡುಗಿ ಎದ್ದು ನಿಂತು, "ಸರ್, ನಿಮಗೇ ಗೊತ್ತಲ್ಲ" ಅಂದಳು. ಗೊತ್ತಿತ್ತು, ನಿವೃತ್ತರ ಬಿಲ್ಲಿಗೆ ಏನೂ ಬರುವುದಿಲ್ಲ ಅಂತ. ಸುಮ್ನೆ ಹೋಗಿದ್ದೆ.

2025ರ ಅಕ್ಟೋಬರ್‌ನಿಂದ ಸೇವೆಯಲ್ಲಿರುವ ಸರ್ಕಾರಿ ನೌಕರರಿಗೆ ಆರೋಗ್ಯ ಸಂಜೀವಿನಿ ಶುರುವಾಗಿದೆ. ಗ್ರೂಪ್ ನೋಡಿಕೊಂಡು ತಿಂಗಳಿಗೆ 250ರಿಂದ 1,000 ರೂಪಾಯಿ ಕಡಿತ, ನಗದು ಕಟ್ಟದೆ ಚಿಕಿತ್ಸೆ. ನಿಮ್ಮ ವಿವಿಗೆ ಅದು ಅನ್ವಯಿಸುತ್ತದೆಯೇ ಅಂತ ಆಡಳಿತ ವಿಭಾಗದಲ್ಲಿ ಬರವಣಿಗೆಯಲ್ಲೇ ಕೇಳಿ. ನಿವೃತ್ತರು ಕೇಳುತ್ತಿರುವುದು ದೊಡ್ಡದೇನಲ್ಲ. ನಾವೂ ವಂತಿಗೆ ಕಟ್ಟುತ್ತೇವೆ, ನಮಗೂ ಅಂಥದ್ದೊಂದು ಕಾರ್ಡ್ ಕೊಡಿ ಅಂತ. 62 ದಾಟಿದವನು ಸ್ವಂತ ಪಾಲಿಸಿ ಮಾಡಲು ಹೋದರೆ ಪ್ರೀಮಿಯಂ ಕೇಳಿಯೇ ಮತ್ತೆ ಎದೆನೋವು ಬರುತ್ತೆ. 2025ರ ಸೆಪ್ಟೆಂಬರ್‌ನಿಂದ ಅದರ ಮೇಲಿನ ಶೇ. 18 ಜಿಎಸ್‌ಟಿ ತೆಗೆದಿದ್ದಾರೆ, ಅಷ್ಟೇ ಸಮಾಧಾನ. ಹಳೇ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ನೀವು ಈಗಲೇ ಒಂದು ಸ್ವಂತ ಪಾಲಿಸಿ ಮಾಡಿಸಿಡಿ. ಸಂಘದವನಾಗಿ ಅಲ್ಲ, ಸ್ಟೆಂಟ್ ಹಾಕಿಸಿಕೊಂಡವನಾಗಿ ಹೇಳುತ್ತಿದ್ದೇನೆ.

ಹೊರದೇಶ ಕೇಳಿದಿರಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಥೆ ನಮ್ಮ ಸಂಘದ ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. 1990ರಲ್ಲಿ ಅವರ ಪಿಂಚಣಿ ನಿಧಿ ತುಂಬಿ ತುಳುಕುತ್ತಿತ್ತಂತೆ. ಸರಿ, ಇನ್ನು ಯಾರೂ ವಂತಿಗೆ ಕಟ್ಟುವುದು ಬೇಡ ಅಂದರು. ವಿವಿಯೂ ನಿಲ್ಲಿಸಿತು, ನೌಕರರಿಗೂ ನಿಲ್ಲಿಸಿದರು. ಹೆಚ್ಚುಕಡಿಮೆ 20 ವರ್ಷ! ಮಧ್ಯೆ 2008ರ ಕುಸಿತ ಬಂತು. 2010ರಲ್ಲಿ ಮತ್ತೆ ಕಟ್ಟಲು ಶುರು ಮಾಡುವಾಗ ನಿಧಿಯಲ್ಲಿ ದೊಡ್ಡ ತೂತು. ಆ ತೂತು ಮುಚ್ಚಲು ಹೊಸಬರ ಸೌಲಭ್ಯಕ್ಕೇ ಕತ್ತರಿ ಬಿತ್ತು. 2013ರ ಜುಲೈ 1ರಿಂದ ಸೇರಿದವರಿಗೆ ಪಿಂಚಣಿಯೂ ಬೇರೆ ದರ್ಜೆ, ನಿವೃತ್ತಿಯ ಬಳಿಕದ ಆರೋಗ್ಯ ಸೌಲಭ್ಯಕ್ಕೂ ಬಿಗಿ ನಿಯಮ. 2018ರ ಮೇ ತಿಂಗಳಲ್ಲಿ ಅಲ್ಲಿನ ಎಎಫ್‌ಎಸ್‌ಸಿಎಂಇ 3299 ಎಂಬ ನೌಕರರ ಸಂಘದ ಕಸ ಗುಡಿಸುವವರು, ಅಡುಗೆಯವರು, ಆಸ್ಪತ್ರೆ ಸಹಾಯಕರು ಮೂರು ದಿನ ಮುಷ್ಕರ ಹೂಡಿದರು. ಹೊಸಬರನ್ನು ನಿಶ್ಚಿತ ಪಿಂಚಣಿಯಿಂದ ಹೊರಗೆ, ನಮ್ಮ ಎನ್‌ಪಿಎಸ್‌ನಂಥ ಖಾತೆಗೆ ತಳ್ಳುವ ದಾರಿ ತೆರೆಯಬೇಡಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಒಪ್ಪಂದ ಆಗಲು 2020 ಬರಬೇಕಾಯಿತು. ಇನ್ನೊಂದು ಮಾತು, ಅಲ್ಲಿಯೂ ಪಿಂಚಣಿ ಹಕ್ಕು, ನಿವೃತ್ತರ ಆರೋಗ್ಯ ಸೌಲಭ್ಯ ಮಾತ್ರ ಹಕ್ಕಲ್ಲ ಅಂತ ವಿವಿಯೇ ಬರೆದಿಟ್ಟುಕೊಂಡಿದೆ. ನಮ್ಮ ಊರಿನ ಕಥೆಯೇ, ಭಾಷೆ ಮಾತ್ರ ಬೇರೆ. ಬ್ರಿಟನ್‌ನಲ್ಲಿ 2022ರಲ್ಲಿ ವಿವಿ ಪಿಂಚಣಿ ಕತ್ತರಿಸಿದರು, ಮುಷ್ಕರಗಳ ಮೇಲೆ ಮುಷ್ಕರ ನಡೆದು 2024ರ ಏಪ್ರಿಲ್‌ನಲ್ಲಿ ವಾಪಸ್ ಕೊಟ್ಟರು.

ನಮ್ಮ ಸಂಘವೂ ಸಾಚಾ ಅಂತ ಹೇಳುತ್ತಿಲ್ಲ. 2006ರಲ್ಲಿ ಹೊಸಬರಿಗೆ ಪಿಂಚಣಿ ನಿಂತಾಗ ನಾವು ಹಳಬರು ಒಂದು ಮನವಿ ಕೊಟ್ಟು, ಫೋಟೋ ತೆಗೆಸಿಕೊಂಡು ಮನೆಗೆ ಹೋದೆವು. ನಮ್ಮದು ಉಳಿದಿತ್ತಲ್ಲ. ನೀವು ಈಗ ಕೇಳುತ್ತಿರುವ ಪ್ರಶ್ನೆಯನ್ನೇ ನಾವು ಆಗ ಉಲ್ಟಾ ಕೇಳಿದ್ದೆವು. ಹಾಗಾಗಿ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮುಖವಿಲ್ಲ. ಹೊರಗುತ್ತಿಗೆಯ ಹೆಣ್ಣುಮಕ್ಕಳನ್ನಂತೂ ಇಂದಿಗೂ ಸದಸ್ಯರಾಗಿ ಸೇರಿಸಿಕೊಂಡಿಲ್ಲ. ಅವರು ನಂಬಿಕೊಂಡಿರುವ ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ. ಹೋದರೆ ಸಭೆಯಲ್ಲಿ ಈ ಎರಡೂ ವಿಷಯ ಎತ್ತಿ. ಅಧ್ಯಕ್ಷರ ಮುಖ ಸಪ್ಪಗಾದರೆ ಆಗಲಿ.

ಹೋಗಬೇಕೋ ಬೇಡವೋ ನೀವೇ ನೋಡಿ. ಹೋದರೆ ಟೋಪಿ, ನೀರಿನ ಬಾಟಲಿ ಇಟ್ಟುಕೊಳ್ಳಿ. ಹಳೇ ಸೆಂಟ್ರಲ್ ಜೈಲಿನ ಜಾಗ ಅದು, ಧರಣಿ ಕೂರುವ ಕಡೆ ನೆರಳು ಕಮ್ಮಿ. ಹೋಗದಿದ್ದರೂ ಇವತ್ತು ರಾತ್ರಿ ಪ್ರಾನ್ ಸ್ಟೇಟ್‌ಮೆಂಟ್ ತೆಗೆದು, ಸಂಬಳ ಚೀಟಿಯ ಕಡಿತಕ್ಕೂ ಅದಕ್ಕೂ ತಿಂಗಳು ತಿಂಗಳು ತಾಳೆ ಹಾಕಿ. ಒಂದು ತಿಂಗಳು ಕಾಣದಿದ್ದರೆ ಮಾರನೇ ದಿನ ಹಣಕಾಸು ಅಧಿಕಾರಿಗೆ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದರೆ "ಸರ್ವರ್ ಡೌನ್" ಅಂತಾರೆ. ಹಾಗೇ ಚಂದಾ ಕೊಟ್ಟರೆ ರಸೀದಿ ಇಸ್ಕೊಳ್ಳಿ. ನಾನು ಖಜಾಂಚಿಯಾಗಿದ್ದಾಗ ಕೇಳದವರೇ ಜಾಸ್ತಿ.