14ನೇ ದಿನಾನೇ ಅಂತ ಕೂತ್ಕೋಬೇಡಿ

ಪ್ರಶ್ನೆ: ಮೇಡಂ, ನಂಗೆ 29 ವರ್ಷ. ಮಗು ಬೇಕು ಅಂತ 7 ತಿಂಗಳಿಂದ ಪ್ರಯತ್ನ ಮಾಡ್ತಿದೀವಿ. 14ನೇ ದಿನ ಮುಖ್ಯ ಅಂತ ಎಲ್ರೂ ಹೇಳ್ತಾರೆ, ಅದನ್ನ ಒಂದ್ ತಿಂಗಳೂ ತಪ್ಪಿಸಿಲ್ಲ, ಆದ್ರೂ ಮತ್ತೆ ಮುಟ್ಟಾಗ್ತೀನಿ. ಒಂದ್ಸಲ 26 ದಿನಕ್ಕೇ ಆಗುತ್ತೆ, ಒಂದ್ಸಲ 33 ದಿನ ಹಿಡಿಯುತ್ತೆ. ನನ್ನಲ್ಲೇ ದೋಷ ಇದ್ಯಾ?

ಉತ್ತರ: ದೋಷ ಅನ್ನೋ ಮಾತು ಮೊದಲು ಬಿಡಿ. 21ರಿಂದ 35 ದಿನದೊಳಗೆ ಮುಟ್ಟು ಬರೋದು ಸಹಜಾನೇ, ಅದು ಎರಡು ಮೂರು ದಿನ ಹಿಂದೆಮುಂದೆ ಆಗೋದೂ ಮಾಮೂಲಿ, ನಿಮ್ಮದು ಸ್ವಲ್ಪ ಜಾಸ್ತಿ ಅಷ್ಟೇ. ತಪ್ಪಿರೋದು ಆ 14ರ ಲೆಕ್ಕ. ಅಂಡಾಣು ಬಿಡುಗಡೆ ಆಗೋದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ, ಅಂದ್ರೆ ಹಿಂದಿನಿಂದ ಎಣಿಸ್ಬೇಕು. 26 ದಿನದ ತಿಂಗಳಲ್ಲಿ ಅದು 12ನೇ ದಿನದ ಹತ್ತಿರ, 33 ದಿನದ್ದಾದ್ರೆ 19ರ ಹತ್ತಿರ. ಅಂಡಾಣು ಬದುಕೋದು ಹೆಚ್ಚಂದ್ರೆ ಒಂದು ದಿನ, ವೀರ್ಯಾಣು ಮಾತ್ರ ಒಳಗೆ 5 ದಿನದವರೆಗೂ ಇರಬಹುದು, ಹಾಗಾಗಿ ಅಂಡಾಣು ಬರೋಕ್ಕೆ ಮುಂಚಿನ 5 ದಿನ ಮತ್ತೆ ಆ ದಿನ, ಇಷ್ಟೇ ಅವಕಾಶ. ನೀವು 14ಕ್ಕೆ ಕಾಯ್ತಾ ಇದ್ದಾಗ ಕೆಲವು ತಿಂಗಳು ಅಂಡಾಣು ಬಂದು ಹೋಗೇಬಿಟ್ಟಿರುತ್ತೆ ನೋಡಿ.

ರಕ್ತ ಸರಿಯಾಗಿ ಹೋಗೋಕ್ಕೆ ಶುರುವಾದ ದಿನಾನೇ 1 ಅಂತ ಬರ್ಕೊಳ್ಳಿ, ಹಿಂದಿನ ದಿನ ಕಂಡ ಕಲೆ ಲೆಕ್ಕಕ್ಕಿಲ್ಲ. ಆರು ತಿಂಗಳದ್ದು ಬರೆದಾದ್ಮೇಲೆ ಅತಿ ಕಮ್ಮಿ ದಿನದಿಂದ 18 ಕಳೀರಿ, ಅತಿ ಜಾಸ್ತಿಯಿಂದ 11. ನಿಮಗೆ 8ರಿಂದ 22ನೇ ದಿನ ಬರುತ್ತೆ, ಗರ್ಭ ನಿಲ್ಲೋ ಅವಕಾಶ ಇರೋದು ಅದರೊಳಗೆ. ಇಷ್ಟು ದೊಡ್ಡದಾ ಅನ್ಸುತ್ತೆ ಅಲ್ವಾ, ಅದಕ್ಕೇ ಮೈ ಕೊಡೋ ಸೂಚನೆ ನೋಡ್ಬೇಕು. ಬಾತ್‌ರೂಮಿಗೆ ಹೋದಾಗ ಬಿಳಿ ಲೋಳೆ ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ಬಿಡಿಸಿ, ಮೊಟ್ಟೆಯ ಬಿಳಿ ಥರ ತಿಳಿಯಾಗಿ, ತುಂಡಾಗ್ದೆ ಎಳೆ ಬಂದ್ರೆ ಅದೇ ಸಮಯ, ಗಟ್ಟಿಯಾಗಿ ಅಂಟಂಟಾಗಿದ್ರೆ ಇನ್ನೂ ಬಂದಿಲ್ಲ ಇಲ್ಲಾ ಮುಗಿದಿದೆ. ಬೆಳಗ್ಗೆ ಏಳೋ ಮುಂಚೆ ಟೆಂಪರೇಚರ್ ನೋಡೋರೂ ಇದಾರೆ, ಆದ್ರೆ ಅದು ಏರೋದು ಅಂಡಾಣು ಬಿಡುಗಡೆ ಆದ್ಮೇಲೆ, ನಿಮಗೆ ಅಷ್ಟು ಉಪಯೋಗ ಇಲ್ಲ. ಮೂತ್ರ ಪರೀಕ್ಷೆಯ ಓವ್ಯುಲೇಷನ್ (ಅಂಡಾಣು ಬಿಡುಗಡೆ) ಕಿಟ್ ಒಂದೂವರೆ ದಿನ ಮುಂಚೇನೇ ತಿಳಿಸುತ್ತೆ. ಇದ್ಯಾವುದೂ ಬೇಡ, ತಲೆಬಿಸಿ ಅನ್ಸಿದ್ರೆ 8ನೇ ದಿನದಿಂದ ದಿನ ಬಿಟ್ಟು ದಿನ ಸೇರಿದ್ರೂ ಸಾಕು.

35 ವರ್ಷದೊಳಗಿನವರು ಒಂದು ವರ್ಷ ನೋಡಿ ಆಮೇಲೆ ಡಾಕ್ಟರ್ ಹತ್ರ ಹೋಗ್ಬಹುದು. ಮುಟ್ಟು ತಿಂಗಳುಗಟ್ಟಲೆ ನಿಂತ್ರೆ ಕಾಯ್ಬೇಡಿ. ಹೋಗುವಾಗ ಬರೆದ ಪುಸ್ತಕ ತಗೊಂಡ್ ಹೋಗಿ, ನಿಮ್ಮೆಜಮಾನ್ರನ್ನೂ ಕರ್ಕೊಂಡು ಹೋಗಿ, ವೀರ್ಯ ಪರೀಕ್ಷೆ ಮೊದಲೇ ಮಾಡಿಸ್ಬೇಕಾದ್ದು.