ಒಗರು ಜೋಳ ದನಕ್ಕೆ ಹಾಕಬಹುದೇ?

ಪ್ರಶ್ನೆ: ಮೆಕ್ಕೆಜೋಳದ ಬದಲು ಹಕ್ಕಿ ಮುಟ್ಟದ ಒಗರು ಜೋಳವನ್ನು ಕರೆಯುವ ಹಸುಗಳಿಗೆ ಹಾಕಬಹುದೇ? ಆ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ಅಂಶದಿಂದ ಹಾಲು ಇಳಿಯುತ್ತದೆ ಎನ್ನುತ್ತಾರೆ.

ಉತ್ತರ: ಹಾಕಬಹುದು, ಆದರೆ ಇಡೀ ಕಾಳಾಗಿ ಬೇಡ. ಟ್ಯಾನಿನ್‌ಗೆ ಹೆದರುವವರು ಒಂದು ಲೆಕ್ಕ ಹಾಕಿ ನೋಡಲಿ. ನೀರಿನಂಶ ಬಿಟ್ಟು ದಿನಕ್ಕೆ 15 ಕಿಲೊ ಮೇವು ತಿನ್ನುವ ಹಸುವಿಗೆ 3 ಕಿಲೊ ಜೋಳ ಕೊಟ್ಟಿರಿ, ಕಾಳಿನಲ್ಲಿ ಶೇ. 3ರಷ್ಟು ಟ್ಯಾನಿನ್ ಇದೆ ಎನ್ನೋಣ. ಒಟ್ಟು 90 ಗ್ರಾಂ, ಅಂದರೆ ಇಡೀ ಆಹಾರದ ಶೇ. 0.6 ಮಾತ್ರ. ಮೇವು ಬಿಡುವುದು, ಜೀರ್ಣ ಕೆಡುವುದು ಸಾಮಾನ್ಯವಾಗಿ ಶೇ. 5 ದಾಟಿದ ಮೇಲೆ. ಜಾಲಿ ಸೊಪ್ಪು, ಜಾಲಿ ಕಾಯಿಗಳನ್ನೂ ಹಾಕುತ್ತಿದ್ದರೆ ಅವುಗಳ ಟ್ಯಾನಿನ್ನೂ ಲೆಕ್ಕಕ್ಕೆ ಸೇರಲಿ.

ಹಾಲು ಇಳಿಯುವುದು ಹೆಚ್ಚಾಗಿ ಬೇರೆ ಕಾರಣಕ್ಕೆ. ಜೋಳದ ಪಿಷ್ಟದ ಕಣಗಳನ್ನು ಕಾಫಿರಿನ್ ಎಂಬ ಪ್ರೋಟೀನು ಬಿಗಿಯಾಗಿ ಸುತ್ತಿರುತ್ತದೆ. ಕಾಳೂ ಸಣ್ಣದು, ಗಟ್ಟಿ. ಹಸು ಅಗಿಯದೆ ನುಂಗಿದ್ದು ಹಾಗೇ ಸಗಣಿಯಲ್ಲಿ ಬೀಳುತ್ತದೆ. ಒಂದು ಬೊಗಸೆ ಸಗಣಿಯನ್ನು ಜರಡಿಯಲ್ಲಿ ತೊಳೆದರೆ ಕಣ್ಣಿಗೇ ಕಾಣುತ್ತದೆ: ಇಡೀ ಕಾಳು ಸಿಕ್ಕರೆ ಗಿರಣಿಯದು ತಪ್ಪು, ಟ್ಯಾನಿನ್‌ನದಲ್ಲ. 3 ಮಿ.ಮೀ. ರಂಧ್ರದ ಜಾಲರಿಯಲ್ಲಿ ಒಡೆಸಿ, ಒಂದು ಕಾಳೂ ಇಡಿಯಾಗಿ ಉಳಿಯಬಾರದು. ಹಾಗೆಂದು ಹಿಟ್ಟು ಮಾಡಿಸಬೇಡಿ. ಧೂಳು ಮೂಗಿಗೆ ಹೋಗುತ್ತದೆ, ಹೊಟ್ಟೆಯಲ್ಲಿ ಹುಳಿಯೂ ಬೇಗ ಏರುತ್ತದೆ. ಒಡೆದ ಜೋಳದ ಶಕ್ತಿ ಮೆಕ್ಕೆಜೋಳಕ್ಕಿಂತ ಶೇ. 5ರಿಂದ 10 ಕಡಿಮೆ. ಆವಿಯಲ್ಲಿ ಬೇಯಿಸಿ ಅವಲಕ್ಕಿಯಂತೆ ಒತ್ತಿದರೆ ಹತ್ತಿರ ಹತ್ತಿರ ಸಮ, ಆದರೆ ಅದಕ್ಕೆ ಯಂತ್ರ ಬೇಕು.

ಮೆಕ್ಕೆಜೋಳವನ್ನು ನಾಲ್ಕು ದಿನಕ್ಕೊಮ್ಮೆ ಕಾಲುಭಾಗದಂತೆ ಜೋಳಕ್ಕೆ ಬದಲಿಸಿ. ದನದ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದರಲ್ಲಿ ಟ್ಯಾನಿನ್ ಪ್ರೋಟೀನನ್ನು ಹಿಡಿದಿಟ್ಟು, ಕೊನೆಯ ಹೊಟ್ಟೆಯ ಆಮ್ಲದಲ್ಲಿ ಬಿಡುತ್ತದೆ. ಅದು ಒಳ್ಳೆಯದೇ. ಆದರೆ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಸಾರಜನಕ ಕೊರತೆಯಾಗಿ ಒಣಮೇವು ನಿಧಾನವಾಗಿ ಕರಗುತ್ತದೆ. ಆದ್ದರಿಂದ 100 ಕಿಲೊ ಕಾಳು–ಹಿಂಡಿ ಮಿಶ್ರಣಕ್ಕೆ 2–3 ಕಿಲೊ ಹಿಂಡಿ ಹೆಚ್ಚಿಸಿ. ಯೂರಿಯಾ ಬಳಸುವುದಾದರೆ ಬೆಳೆದ ದನಕ್ಕೆ ಮಾತ್ರ, 100 ಕಿಲೊ ಮಿಶ್ರಣಕ್ಕೆ 1 ಕಿಲೊ ಮೀರದಂತೆ, ಗಂಟು ಉಳಿಯದಂತೆ ಬೆರೆಸಿ. ಹಳದಿ ಮೆಕ್ಕೆಜೋಳದಲ್ಲಿರುವ ಕ್ಯಾರೋಟೀನು (ಎ ಜೀವಸತ್ವದ ಮೂಲ) ಜೋಳದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಸಿಮೇವು ಇಲ್ಲದಿದ್ದರೆ ಎ ಜೀವಸತ್ವ ಸೇರಿಸಲೇಬೇಕು.

ಪ್ರಶ್ನೆ: ಕೆಂಪು ಜೋಳದಲ್ಲೆಲ್ಲ ಟ್ಯಾನಿನ್ ಇರುತ್ತದೆಯೇ?

ಉತ್ತರ: ಇಲ್ಲ. ಟ್ಯಾನಿನ್ ಇರುವುದು ಹೊರಸಿಪ್ಪೆಯ ಕೆಳಗಿನ ತೆಳು ಪದರದಲ್ಲಿ. ಆ ಪದರವೇ ಇಲ್ಲದ ಕೆಂಪು ತಳಿಗಳು ಬೇಕಾದಷ್ಟಿವೆ, ಪದರ ಇರುವ ಬಿಳಿ ಕಾಳೂ ಉಂಟು. ಮನೆಯಲ್ಲೇ ನೋಡಬಹುದು. ಗಾಜಿನ ಪಾತ್ರೆಯಲ್ಲಿ 100 ಮಿ.ಲೀ. ಬ್ಲೀಚ್ ದ್ರಾವಣಕ್ಕೆ (ಸೋಡಿಯಂ ಹೈಪೋಕ್ಲೋರೈಟ್, ಶೇ. 3.5) 5 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ. ಅದರಲ್ಲಿ 100 ಇಡೀ ಕಾಳನ್ನು 20 ನಿಮಿಷ ನೆನೆಸಿ, ಆಗಾಗ ಅಲುಗಾಡಿಸಿ, ತೊಳೆದು ಕಾಗದದ ಮೇಲೆ ಹರಡಿ. ಮೈಯೆಲ್ಲ ಕಪ್ಪಾದದ್ದು ಟ್ಯಾನಿನ್ ಕಾಳು. ಮೊಳಕೆಯೊಡೆಯುವ ತುದಿಯ ಬಳಿ, ಒಡೆದ ಕಡೆ ಮಾತ್ರ ಕಪ್ಪಾದರೆ ಅದನ್ನು ಎಣಿಸಬೇಡಿ. ಕೈಗವಸು, ಕನ್ನಡಕ ಇರಲಿ, ಆಮ್ಲ ಹತ್ತಿರ ಬೇಡ, ಪರೀಕ್ಷೆಯ ಕಾಳನ್ನು ದನಕ್ಕೆ ಹಾಕಬೇಡಿ. ಎಷ್ಟು ಶೇಕಡ ಟ್ಯಾನಿನ್ ಎಂಬುದು ಇದರಿಂದ ಗೊತ್ತಾಗದು. ಅದಕ್ಕೆ ಪ್ರಯೋಗಾಲಯವೇ ಬೇಕು.

ಪ್ರಶ್ನೆ: ನೆನೆಸಿಟ್ಟರೆ ಒಗರು ಹೋಗುತ್ತದೆಯೇ?

ಉತ್ತರ: ಬರೀ ಒಂದು ರಾತ್ರಿ ನೆನೆಸಿದರೆ ಹೆಚ್ಚು ಉಪಯೋಗವಿಲ್ಲ. ಗಾಳಿಯಾಡದಂತೆ ಕಟ್ಟಿಟ್ಟರೆ ಚೆನ್ನಾಗಿ ತಗ್ಗುತ್ತದೆ. ಶೇ. 12 ತೇವದ 100 ಕಿಲೊ ಇಡೀ ಕಾಳಿಗೆ ಸುಮಾರು 25 ಲೀಟರ್ ನೀರು ಹಾಕಿದರೆ ತೇವ ಶೇ. 30ಕ್ಕೆ ಬರುತ್ತದೆ. ನೀರು ಒಮ್ಮೆಗೇ ಹೀರದು, ಎರಡು ಮೂರು ಸಲ ಚಿಮುಕಿಸಿ ಮಗುಚಿ. ಡ್ರಮ್ಮಿಗೆ ಒತ್ತಿ ತುಂಬಿ, ಮುಚ್ಚಳ ಬಿಗಿದು ಮೂರು ವಾರ ಬಿಡಿ. ತೆಗೆದು ಒಡೆದು, ಆ ದಿನಕ್ಕೆ ಬೇಕಾದಷ್ಟೇ ಹಾಕಿ. ಮೊದಲೇ ಒಡೆದು ಕಟ್ಟಿಟ್ಟರೆ ಇಷ್ಟು ಫಲ ಸಿಗದು. ಗಾಳಿ ಹೊಕ್ಕರೆ ಬೂಷ್ಟು, ಮೇಲ್ಭಾಗದಲ್ಲಿ ಮೊಳಕೆ. ಜೋಳದ ಮೊಳಕೆಯಲ್ಲಿ ಸಯನೈಡ್ ವಿಷ ಹುಟ್ಟುತ್ತದೆ, ಆ ಪದರವನ್ನು ತೆಗೆದು ಎಸೆಯಿರಿ.

ಪ್ರಶ್ನೆ: ಕರುಗಳಿಗೆ?

ಉತ್ತರ: ಮೆಲುಕು ಸರಿಯಾಗಿ ಕೂಡಿಕೊಳ್ಳುವವರೆಗೆ ಬೇಡ. ಕೋಳಿ, ಹಂದಿಗೂ ಟ್ಯಾನಿನ್ನಿನ ಪೆಟ್ಟು ದನಕ್ಕಿಂತ ಜಾಸ್ತಿ.